ನೂರಕ್ಕೆ ತೊಂಬತ್ತೊಂದು

ಟಾಲ್ಬರ್ಟ್ ಊರಿನ ಹೊಗೆಸೊಪ್ಪಿನ ಮಂಡಿಗೆ ಹಮಾಲಿಯಾಗಿ ಸೇರಿದ ಲೂಥರ್ ಬುಲಕ್ ಮೇಸ್ತ್ರಿಯಾಗುವ ಹೊತ್ತಿಗೆ ಅವನ ಬೆನ್ನು ಬಗ್ಗಿತ್ತು, ಹೆಂಡತಿ ತೀರಿಕೊಂಡಿದ್ದಳು, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ದೊಡ್ಡವಳು ಓಡೆಸ್ಸಾಗೆ ಹದಿನೆಂಟು. ಚಿಕ್ಕವಳು ವರ್ಲೀನ್‌ಗೆ ಇನ್ನೂ ಮೂರು ತುಂಬಿರಲಿಲ್ಲ. ನಡುವೆ ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ತಾಯಿಯ ಮಣ್ಣಾದ ಮೇಲೆ ಚರ್ಚಿನ ಹೆಂಗಸರು ಕೆಲವು ದಿನ ಕೋಳಿ, ಬೇಯಿಸಿದ ಸೊಪ್ಪು, ಜೋಳದ ಬ್ರೆಡ್ಡು ತಂದುಕೊಟ್ಟರು. ಆಮೇಲೆ ಅಡುಗೆಮನೆ ಓಡೆಸ್ಸಾಳ ಪಾಲಿಗೆ ಬಂತು. ದೂರದ ಕಾಲೇಜೊಂದು ಅವಳನ್ನು ಪುಕ್ಕಟೆ ಓದಿಸುತ್ತೇನೆಂದಿತ್ತು. ಅದನ್ನು ಬಿಟ್ಟು ಪಕ್ಕದ ಊರಿನ ಕರಿಯರ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರತೊಡಗಿದಳು. ಸಂಜೆ ಬಂದು ತಂಗಿಯ ತಲೆ ಬಾಚಿ ಜಡೆ ಹಾಕಬೇಕಿತ್ತಲ್ಲ, ಅದಕ್ಕೆ.

ಲೆಕ್ಕದ ಹುಚ್ಚು ಅವಳಿಗೆ ಎಳವೆಯಲ್ಲೇ ಹತ್ತಿತ್ತು. ಅಪ್ಪನಿಗೆ ಬುತ್ತಿ ಕೊಡಲು ಮಂಡಿಗೆ ಹೋದಾಗ ಅವಳು ಅಲ್ಲೇ ನಿಂತು ನೋಡುತ್ತಿದ್ದಳು. ಸರ್ಕಾರದ ದರ್ಜೆಗಾರ ಸೊಪ್ಪಿನ ರಾಶಿಗಳ ಸಾಲಿನಲ್ಲಿ ನಡೆಯುತ್ತಾ, ಒಂದು ಎಲೆ ಎಳೆದು ಮೂಸಿ ಚೀಟಿ ಬರೆದು ಎಸೆಯುತ್ತಿದ್ದ. ಒಂದು ದಿನ ಬೆಳಿಗ್ಗೆ ಕಳಪೆ ಎನಿಸಿಕೊಂಡ ರಾಶಿಯನ್ನು ಅದರ ಯಜಮಾನ ಹೊತ್ತುಕೊಂಡು ಹೋಗಿ, ಮಧ್ಯಾಹ್ನ ಬೇರೆ ಸಾಲಿನಲ್ಲಿಟ್ಟ. ಅದೇ ದರ್ಜೆಗಾರ ಅದೇ ಸೊಪ್ಪಿಗೆ ಒಳ್ಳೆಯ ದರ್ಜೆ ಕೊಟ್ಟ. ಓಡೆಸ್ಸಾ ಅಪ್ಪನ ಅಂಗಿ ಜಗ್ಗಿದಳು.

"ಅಪ್ಪಾ, ಬೆಳಿಗ್ಗೆ ಕೆಟ್ಟದ್ದು ಅಂದ್ನಲ್ಲ?"

"ಬೆಳಿಗ್ಗೆ ಅವನಿಗೆ ಹಸಿವಾಗಿತ್ತು ಮಗಳೇ. ಈಗ ಊಟ ಆಗಿದೆ," ಎಂದು ಲೂಥರ್ ನಕ್ಕ.

"ಹಂಗಾದ್ರೆ ಬೆಳಿಗ್ಗೆ ಬಂದೋರ ಗತಿ?"

ಲೂಥರ್ ಬುತ್ತಿ ಬಿಚ್ಚಿದ.

ಕಾಲೇಜು ಮುಗಿಸಿ ಓಡೆಸ್ಸಾ ಊರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿದಳು. ಕರಿಯರ ಶಾಲೆಯನ್ನೂ ಬಿಳಿಯರ ಶಾಲೆಯನ್ನೂ ಒಂದು ಮಾಡಿದಾಗ ಹೊಸ ಶಾಲೆಗೂ ಹೋದಳು. ವರ್ಲೀನ್ ತನ್ನ ಜಡೆ ತಾನೇ ಹಾಕಿಕೊಳ್ಳುವಷ್ಟು ದೊಡ್ಡವಳಾದ ಮೇಲೆ ಉತ್ತರದ ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಿ ಪರೀಕ್ಷೆಗಳನ್ನು ಅಳೆಯುವ ವಿದ್ಯೆಯಲ್ಲಿ ಡಾಕ್ಟರ್ ಆದಳು. ಪರೀಕ್ಷೆ ಮಕ್ಕಳನ್ನು ಅಳೆಯುತ್ತದೆ, ಪರೀಕ್ಷೆಯನ್ನು ಅಳೆಯುವವರು ಯಾರು ಎನ್ನುವುದು ಅವಳ ಪ್ರಶ್ನೆ. ಯಾರು ಮೊದಲು, ಯಾರು ಕೊನೆ ಎಂದು ಸಾಲಾಗಿ ನಿಲ್ಲಿಸುವ ಪರೀಕ್ಷೆಗೆ ಹಳಬರು ಮಾಡಿಟ್ಟ ಅಳತೆಗೋಲು ಇತ್ತು. ಆದರೆ ಪಾಸು, ಫೇಲು ಎಂದು ಎರಡೇ ಮಾತು ಹೇಳುವ ಪರೀಕ್ಷೆಗೆ ಆ ಕೋಲು ಒಗ್ಗುತ್ತಿರಲಿಲ್ಲ. ಅಲ್ಲಿ ಕೇಳಬೇಕಾದದ್ದು ಒಂದೇ: ಅದೇ ಮಗು ಇನ್ನೊಂದು ದಿನ, ಅಂಥದ್ದೇ ಇನ್ನೊಂದು ಪತ್ರಿಕೆ ಬರೆದರೆ ಅದೇ ತೀರ್ಪು ಬರುತ್ತದೆಯೆ?

"ಅಕ್ಕ, ನೀನು ದೇವರ ಮುಂದೆ ಹೋಗಿ ನಿಂತ್ರೂ 'ಇನ್ನೊಂದು ಸಲ ತೂಗಿ ನೋಡಿ ಸ್ವಾಮಿ' ಅಂತೀಯ," ಎಂದು ವರ್ಲೀನ್ ಅವಳನ್ನು ಆಡಿಕೊಳ್ಳುತ್ತಿದ್ದಳು.

"ನಿನ್ನನ್ನ ತೂಗುವಾಗ ಮೂರು ಸಲ ತೂಗು ಅಂತ ಹೇಳಬೇಕು. ಬಾಯಿ ಒಂದೇ ಅರ್ಧ ತೂಕ."

ವರ್ಲೀನ್ ಬಾಯಿ ಅಂಥದ್ದೇ. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಊರಿನ ವೃದ್ಧಾಶ್ರಮಕ್ಕೆ ಹೋಗಿ ಮುದುಕರಿಗೆ ಊಟ ತಿನ್ನಿಸಿ, ಮಗ್ಗುಲು ಬದಲಿಸಿ, ಕಾಲು ತೊಳೆದು ಬರುತ್ತಿದ್ದಳು. ಅಲ್ಲಿಯವರ ಕೊರಗು, ಗೊಣಗು, ನಡಿಗೆ ಎಲ್ಲವನ್ನೂ ಊಟದ ಮೇಜಿನ ಮುಂದೆ ಅಭಿನಯಿಸಿ ತೋರಿಸುತ್ತಿದ್ದಳು. ಯಾರೊಬ್ಬರನ್ನೂ ಹೀಯಾಳಿಸಿದಂತೆ ಇರುತ್ತಿರಲಿಲ್ಲ. ನರ್ಸ್ ಆಗಬೇಕೆಂದು ಅವಳು ಆಸೆಪಟ್ಟಿದ್ದು ಅಲ್ಲಿ. ಹೈಸ್ಕೂಲು ಮುಗಿದರೆ ಪಕ್ಕದ ಊರಿನಲ್ಲಿ ಒಂದು ವರ್ಷದ ಕೋರ್ಸು ಇತ್ತು. ಬಿಳಿ ಟೋಪಿ ತನ್ನ ಕೂದಲಿನ ಮೇಲೆ ಹೇಗೆ ನಿಲ್ಲುತ್ತದೆಂದು ಕನ್ನಡಿಯ ಮುಂದೆ ಕರವಸ್ತ್ರ ಮಡಿಸಿಟ್ಟು ನೋಡಿಕೊಂಡಿದ್ದಳು.

ಅದೇ ಕಾಲಕ್ಕೆ ರಾಜ್ಯದಲ್ಲಿ ಹೊಸ ಕಾನೂನು ಬಂತು. ಹೈಸ್ಕೂಲು ಮುಗಿಸುವವರೆಲ್ಲ ಓದು ಮತ್ತು ಲೆಕ್ಕದ ಒಂದು ಪರೀಕ್ಷೆಯಲ್ಲಿ ಪಾಸಾಗಲೇಬೇಕು. ಆಗದವರು ಹನ್ನೆರಡು ವರ್ಷ ಬೆಂಚು ಸವೆಸಿದ್ದರೂ ಹೈಸ್ಕೂಲು ಮುಗಿಸಿದ ಡಿಪ್ಲೊಮಾ ಇಲ್ಲ, 'ಶಾಲೆಗೆ ಬಂದಿದ್ದರು' ಎಂಬ ಕಾಗದ ಮಾತ್ರ. ಆ ಕಾಗದ ಹಿಡಿದು ಹೋದರೆ ನರ್ಸ್ ಕೋರ್ಸಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಲೆಕ್ಕದಲ್ಲಿ ಅರವತ್ತು ಪ್ರಶ್ನೆ, ನಲವತ್ತೆರಡು ಸರಿಯಾದರೆ ಪಾಸು. ಈ ಪರೀಕ್ಷೆ ನಂಬಿಕೆಗೆ ಎಷ್ಟು ಅರ್ಹ ಎಂದು ನೋಡಿಕೊಳ್ಳುವ ಕೆಲಸಕ್ಕೆ ರಾಜಧಾನಿಯ ಶಿಕ್ಷಣ ಕಚೇರಿ ಓಡೆಸ್ಸಾಳನ್ನು ತೆಗೆದುಕೊಂಡಿತು. ವಾರವೆಲ್ಲ ಅಲ್ಲಿದ್ದು ಶನಿವಾರ ಕಾರು ಓಡಿಸಿಕೊಂಡು ಟಾಲ್ಬರ್ಟ್‌ಗೆ ಬರುತ್ತಿದ್ದಳು.

ಪರೀಕ್ಷೆಯ ವರ್ಷ ವರ್ಲೀನ್ ಒಂದು ಶನಿವಾರ ಪುಸ್ತಕ ಹಿಡಿದು ಬಂದಳು.

"ಅಕ್ಕ, ಈ ಶೇಕಡಾ ಲೆಕ್ಕ ಹೇಳಿಕೊಡು. ಭಿನ್ನರಾಶಿ ನೋಡಿದ್ರೆ ನನಗೆ ತಲೆ ಸುತ್ತು ಬರುತ್ತೆ."

ಓಡೆಸ್ಸಾ ಪುಸ್ತಕ ತೆಗೆದುಕೊಂಡಳು, ಮತ್ತೆ ಮುಚ್ಚಿಟ್ಟಳು. ಪ್ರಶ್ನೆಪತ್ರಿಕೆಯನ್ನು ಅವಳು ನೋಡಿದ್ದಳು. ಯಾವ ಲೆಕ್ಕ ಹೇಳಿಕೊಟ್ಟರೂ ಪತ್ರಿಕೆಯ ಕಡೆಗೇ ಕೈ ತೋರಿಸಿದಂತಾಗುತ್ತದೆಂದು ಅಂಜಿದಳು.

"ನಾನು ಹೇಳಿಕೊಡೋ ಹಾಗಿಲ್ಲ ಕಣೇ. ಈ ವರ್ಷ ಒಂದು ನನ್ನ ಬಿಟ್ಟುಬಿಡು. ನಿಮ್ಮ ಶಾಲೆಯ ಲೆಕ್ಕದ ಟೀಚರು ಮಿಸ್ ಗೇನ್ಸ್ ಹತ್ರ ಹೋಗು, ನಾನು ಹೇಳ್ತೀನಿ."

"ಊರಿನ ಮಕ್ಕಳಿಗೆಲ್ಲ ಹೇಳಿಕೊಟ್ಟೋಳು ನೀನು."

"ಈಗ ಆ ಪರೀಕ್ಷೆ ನೋಡ್ಕೊಳ್ಳೋಳೂ ನಾನೇ. ಅದಕ್ಕೇ ಆಗಲ್ಲ ಅಂತಿರೋದು."

"ಆಯ್ತು ಬಿಡು. ದೊಡ್ಡ ಮನುಷ್ಯರ ತಂಗಿಯಾದ್ರೆ ಇದೊಂದು ಕಷ್ಟ," ಎಂದು ನಕ್ಕು ವರ್ಲೀನ್ ಪುಸ್ತಕ ಎತ್ತಿಕೊಂಡು ಹೋದಳು. ಮಿಸ್ ಗೇನ್ಸ್ ಹತ್ತಿರ ಒಂದೆರಡು ಸಲ ಹೋದಳು. ಆಕೆಯ ಮನೆ ತುಂಬ ಅಂಥದ್ದೇ ಪುಸ್ತಕ ಹಿಡಿದ ಮಕ್ಕಳು.

ಓಡೆಸ್ಸಾ ಮಾತ್ರ ತನ್ನ ಕೆಲಸವನ್ನು ಭಕ್ತಿಯಿಂದ ಮಾಡಿದ್ದಳು. ಕಾನೂನು ಜಾರಿಗೆ ಬರುವ ಮೊದಲೇ, ದೂರದ ಕೆಲವು ಶಾಲೆಗಳಲ್ಲಿ ಅವೇ ಮಕ್ಕಳನ್ನು ಎರಡು ವಾರದ ಅಂತರದಲ್ಲಿ ಎರಡು ಸಲ ಪರೀಕ್ಷೆಗೆ ಕೂರಿಸಿದ್ದಳು. "ಒಂದು ಸಲ ಸಾಯಿಸಿದ್ದು ಸಾಲ್ದಾ ಮಿಸ್?" ಎಂದು ಮಕ್ಕಳು ಗೊಣಗಿದ್ದರು. ಲೆಕ್ಕ ಹಾಕಿ ನೋಡಿದರೆ ನೂರು ಮಕ್ಕಳಲ್ಲಿ ತೊಂಬತ್ತೊಂದು ಜನಕ್ಕೆ ಎರಡು ಸಲವೂ ಒಂದೇ ತೀರ್ಪು. ಕಚೇರಿಯಲ್ಲಿ ಅವಳ ಮೇಲಿನವನಾದ ಡಾಕ್ಟರ್ ಗಿಲ್ಬರ್ಟ್ ಪ್ರೂಯಿಟ್ ಅದನ್ನು ನೋಡಿ ಮೇಜು ಕುಟ್ಟಿ ಸಂತೋಷಪಟ್ಟ.

"ಅಷ್ಟು ಬೇಗ ಹಿಗ್ಗಬೇಡಿ ಡಾಕ್ಟರ್ ಪ್ರೂಯಿಟ್. ನೂರರಲ್ಲಿ ತೊಂಬತ್ತು ಜನ ಹೇಗೂ ಪಾಸಾಗ್ತಾರೆ. ಪರೀಕ್ಷೆನೇ ಬೇಡ, ಕಣ್ಣುಮುಚ್ಚಿ ಚೀಟಿ ಎತ್ತಿ ತೊಂಬತ್ತು ಜನರನ್ನ ಪಾಸು ಮಾಡಿ, ಇನ್ನೊಂದು ಸಲ ಹಾಗೇ ಎತ್ತಿ. ಆಗಲೂ ಎಂಬತ್ತೆರಡು ಜನಕ್ಕೆ ಎರಡು ಸಲವೂ ಒಂದೇ ತೀರ್ಪು ಬರುತ್ತೆ. ನಮ್ಮ ಪರೀಕ್ಷೆ ಅದರ ಮೇಲೆ ಗಳಿಸಿದ್ದು ಒಂಬತ್ತು. ನೂರಕ್ಕೆ ನೂರಾಗೋಕೆ ಗಳಿಸಬೇಕಾಗಿದ್ದು ಹದಿನೆಂಟು."

"ಓಡೆಸ್ಸಾ, ಈ ಚೀಟಿ ಎತ್ತೋ ಕಥೆ ಶಾಸಕರಿಗೆ ಅರ್ಥ ಆಗುತ್ತಾ?"

"ಫೇಲಾದವರ ಕಥೆ ಅರ್ಥ ಆಗುತ್ತೆ. ಒಂದು ಸಲ ಫೇಲಾದ ಹತ್ತು ಮಕ್ಕಳಲ್ಲಿ ನಾಲ್ಕೈದು ಜನ ಎರಡನೇ ಸಲ ಪಾಸಾಗಿದಾರೆ. ಎರಡು ವಾರದಲ್ಲಿ ಅವರೇನೂ ಕಲಿತಿಲ್ಲ. ಇದನ್ನ ಮೊದಲ ಪುಟದಲ್ಲೇ ಹಾಕಬೇಕು."

ಅವಳು ಬರೆದುಕೊಟ್ಟಳು. ಅಚ್ಚಾಗಿ ಬಂದ ವರದಿಯಲ್ಲಿ ಆ ಭಾಗ ಇರಲಿಲ್ಲ. ಕೇಳಿದ್ದಕ್ಕೆ, ಓದುವವರಿಗೆ ಗೊಂದಲವಾಗುತ್ತದೆ, ಮುಂದಿನ ವರ್ಷ ವಿವರವಾಗಿ ಹಾಕೋಣ ಎಂದ ಪ್ರೂಯಿಟ್. ಮುಂದಿನ ವರ್ಷ ಎನ್ನುವ ಮಾತನ್ನು ಹಿಡಿದುಕೊಂಡು ಅವಳು ಸುಮ್ಮನಾದಳು.

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ವರ್ಲೀನ್ ಓದಿನಲ್ಲಿ ಸಲೀಸಾಗಿ ಪಾಸಾಗಿದ್ದಳು. ಲೆಕ್ಕದಲ್ಲಿ ನಲವತ್ತೊಂದು.

ಲೂಥರ್ ಮಗಳ ತಲೆಯ ಮೇಲೆ ಕೈಯಿಟ್ಟು, "ಒಂದಕ್ಕೆ ಯಾರಾದ್ರೂ ಅಳ್ತಾರಾ? ಏಪ್ರಿಲ್‌ನಲ್ಲಿ ಇನ್ನೊಂದು ಸಲ ಇದೆಯಂತೆ," ಎಂದ. ವರ್ಲೀನ್ ಅತ್ತಿರಲಿಲ್ಲ. "ಆ ಒಂದನ್ನ ಎಲ್ಲಿ ಬೀಳಿಸ್ದೆ ಅಂತ ಹುಡುಕ್ತಿದೀನಿ ಅಪ್ಪ. ಬಸ್ಸಿನಲ್ಲಿರಬೇಕು," ಎಂದಳು. ಆಗ ಇನ್ನೂ ಅವಳಿಗೆ ನಗು ಬರುತ್ತಿತ್ತು.

ರಾಜ್ಯದಲ್ಲಿ ಮಾತ್ರ ಗದ್ದಲವೆದ್ದಿತು. ಫೇಲಾದವರಲ್ಲಿ ಮುಕ್ಕಾಲು ಪಾಲು ಕರಿಯ ಮಕ್ಕಳು. ಒಡೆದ ಕಿಟಕಿಯ, ಬಿಳಿಯರು ಬಿಟ್ಟ ಹಳೆಯ ಪುಸ್ತಕಗಳ ಶಾಲೆಗಳಲ್ಲಿ ಅಕ್ಷರ ಕಲಿಯಲು ಶುರು ಮಾಡಿದವರು. ಚರ್ಚುಗಳಲ್ಲಿ ಸಭೆ ನಡೆದವು, ವಕೀಲರು ಬಂದರು. ಜನವರಿಯಲ್ಲಿ ಕಚೇರಿ ಪತ್ರಿಕೆಯವರನ್ನು ಕರೆಯಿತು. ಓಡೆಸ್ಸಾಳನ್ನು ಹಿಂದಿನ ಸಾಲಿನಿಂದ ಕರೆದು ಮುಂದೆ, ನಿರ್ದೇಶಕರ ಪಕ್ಕ ನಿಲ್ಲಿಸಿದರು. ಯಾಕೆಂದು ಅವಳಿಗೆ ಗೊತ್ತಿತ್ತು. ಆ ಕೋಣೆಯಲ್ಲಿ ಕಪ್ಪು ಮುಖ ಅವಳದೊಂದೇ.

ಈ ಪರೀಕ್ಷೆಯನ್ನು ಎಷ್ಟು ನಂಬಬಹುದು ಎಂದು ಒಬ್ಬ ವರದಿಗಾರ ಕೇಳಿದ.

"ಅದನ್ನ ಡಾಕ್ಟರ್ ಬುಲಕ್ ಅವರೇ ಹೇಳ್ಲಿ," ಎಂದ ಪ್ರೂಯಿಟ್. ಅವಳನ್ನು ಅವನು ಹಾಗೆ ಕರೆದದ್ದು ಅದೇ ಮೊದಲು.

"ಅದೇ ಮಕ್ಕಳು ಎರಡು ಸಲ ಬರೆದರೆ ನೂರಕ್ಕೆ ತೊಂಬತ್ತೊಂದು ಜನರಿಗೆ ಅದೇ ತೀರ್ಪು ಬರುತ್ತದೆ," ಎಂದಳು ಓಡೆಸ್ಸಾ. "ಆದರೆ..."

ಪೆನ್ನುಗಳೆಲ್ಲ ತೊಂಬತ್ತೊಂದನ್ನು ಬರೆದುಕೊಳ್ಳುತ್ತಿದ್ದವು. ನಿರ್ದೇಶಕರು ಇನ್ನೊಬ್ಬ ವರದಿಗಾರನ ಕಡೆ ಕೈ ಮಾಡಿ ಮುಂದಿನ ಪ್ರಶ್ನೆ ಕೇಳಲು ಹೇಳಿದರು. ಆ 'ಆದರೆ' ಅವಳ ಬಾಯಲ್ಲೇ ಉಳಿಯಿತು. ದನಿ ಎತ್ತಿ ಹೇಳಬಹುದಿತ್ತು. ಹತ್ತಾರು ಜನ ಗಂಡಸರು, ಕ್ಯಾಮೆರಾಗಳು, ಉರಿಯುವ ದೀಪ. ಸಭೆ ಮುಗಿದ ಮೇಲೆ ಯಾರಾದರೂ ಕೇಳಿದರೆ ಹೇಳೋಣವೆಂದು ನಿಂತಳು. ಯಾರೂ ಕೇಳಲಿಲ್ಲ.

ಮರುದಿನ ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಲೂಥರ್ ಅದನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಚರ್ಚಿನಲ್ಲಿ ಕಂಡಕಂಡವರಿಗೆಲ್ಲ ತೋರಿಸಿದ. ಅವನು ಅಲ್ಲಿ ಡೀಕನ್, ಹಿರಿಯ. ಹತ್ತಾರು ಜನ ನೋಡಿ ಬೆನ್ನು ತಟ್ಟಿದರು. ಮಗ ಫೇಲಾದ ಒಬ್ಬ ತಾಯಿ ಮಾತ್ರ ಪತ್ರಿಕೆಯನ್ನು ಅವನ ಕೈಗೇ ವಾಪಸು ಕೊಟ್ಟು ಬೇರೆ ಬೆಂಚಿಗೆ ಹೋಗಿ ಕೂತಳು.

ಆ ಭಾನುವಾರ ಓಡೆಸ್ಸಾ ಅಡುಗೆಮನೆಯ ಮೇಜಿನ ಮೇಲೆ ಅವರೆಯಂಥ ಒಣ ಕಾಳು ಆರಿಸುತ್ತ ಕೂತಿದ್ದಳು. ಲೂಥರ್ ಕಾಫಿ ಕುಡಿಯುತ್ತಿದ್ದ. ವರ್ಲೀನ್ ವೃದ್ಧಾಶ್ರಮದಿಂದ ಬಂದು ಶೂ ಬಿಚ್ಚಿದಳು.

"ಪೇಪರ್ ನೋಡ್ದೆ ಅಕ್ಕ. ಫೋಟೋ ಚೆನ್ನಾಗಿ ಬಂದಿದೆ. ಕೋಟಿನ ಗುಂಡಿ ಒಂದು ಹಾಕಿಲ್ಲ, ಅಷ್ಟೆ."

"ಗುಂಡಿ ಹಾಳಾಗ್ಲಿ. ಏಪ್ರಿಲ್ ಬಂದೇಬಿಡುತ್ತೆ. ಮಿಸ್ ಗೇನ್ಸ್ ಹತ್ರ ವಾರಕ್ಕೆ ಎರಡು ಸಲ ಹೋಗು."

"ನಾನು ಬರೆಯಲ್ಲ."

ಲೂಥರ್ ಲೋಟ ಕೆಳಗಿಟ್ಟ.

"ಯಾಕೆ?" ಎಂದಳು ಓಡೆಸ್ಸಾ.

"ನೂರಕ್ಕೆ ತೊಂಬತ್ತೊಂದು ಜನಕ್ಕೆ ಮತ್ತೆ ಅದೇ ಬರುತ್ತಂತಲ್ಲ. ಫೇಲಾದೋಳು ಹೋಗಿ ಇನ್ನೊಂದು ಸಲ ಫೇಲಾಗಿ ಬರೋದ್ಯಾಕೆ?"

 ಓಡೆಸ್ಸಾ ಅವಸರದಿಂದ ಹತ್ತು ಕಾಳು ಎಣಿಸಿ ಒಂದು ಕಡೆ ಸರಿಸಿದಳು, ಉಳಿದದ್ದನ್ನು ಇನ್ನೊಂದು ಕಡೆ ಗುಡ್ಡೆ ಮಾಡಿದಳು.

"ಇಲ್ಲಿ ನೋಡು. ಇವು ಪಾಸಾದೋರು, ತೊಂಬತ್ತು. ಇದರಲ್ಲಿ ಬಹಳ ಜನ ಸುಲಭವಾಗಿ ಪಾಸಾಗೋರು, ಎಷ್ಟು ಸಲ ಕೂರಿಸಿದ್ರೂ ಪಾಸೇ. ಆ ತೊಂಬತ್ತೊಂದು ದೊಡ್ಡದಾಗಿ ಕಾಣೋದು ಇವರಿಂದ. ಇವು ಹತ್ತು ಫೇಲಾದೋರು. ಮತ್ತೆ ಕೂರಿಸಿದ್ರೆ ಇದರಲ್ಲಿ ನಾಲ್ಕೈದು ಆ ಕಡೆ ಹೋಗ್ತವೆ. ಹೊಸದಾಗಿ ಒಂದಕ್ಷರ ಕಲೀದೇನೇ. ಅದರಲ್ಲೂ ನಿನ್ನ ಹಾಗೆ ಒಂದೇ ಮಾರ್ಕಲ್ಲಿ ನಿಂತವರದ್ದು ನಾಣ್ಯ ಎಸೆದ ಹಾಗೆ, ಹೀಗೂ ಬೀಳಬಹುದು, ಹಾಗೂ ಬೀಳಬಹುದು. ಸ್ವಲ್ಪ ಓದ್ಕೊಂಡು ಹೋದ್ರೆ ನೀನು ಪಾಸಾಗೇ ಆಗ್ತೀಯ."

ವರ್ಲೀನ್ ಆ ಹತ್ತು ಕಾಳುಗಳನ್ನು ನೋಡುತ್ತಾ ನಿಂತಳು.

"ಇದನ್ನ ಪೇಪರ್‌ನವರಿಗೆ ಹೇಳಿದ್ಯಾ?"

"ವರದಿಯಲ್ಲಿ ಬರೆದಿದ್ದೆ. ತೆಗೆದುಹಾಕಿದ್ರು."

"ಅಲ್ಲಿ ನಿನ್ನ ಬಾಯಿ ಇತ್ತಲ್ಲ."

"ವರ್ಲೀನ್, ಅಕ್ಕನ ಹತ್ರ ಹಾಗೆ ಮಾತಾಡ್ಬೇಡ," ಎಂದ ಲೂಥರ್.

"ಬೈತಿಲ್ಲ ಅಪ್ಪ. ಕೇಳ್ತಿದೀನಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತೆಂದು ಓಡೆಸ್ಸಾಗೆ ಅನಿಸಿತು. "ನಿನ್ನ ಕಚೇರಿಯ ಆ ಬಿಳಿ ಸಾಹೇಬ ಹೇಳಿದ್ರೆ ನಾನು ನಂಬ್ತಿರ್ಲಿಲ್ಲ, ನಗ್ತಿದ್ದೆ. ಶಾಲೆಯಲ್ಲಿ ಎಲ್ಲರೂ ಪರೀಕ್ಷೆನೇ ಸರಿ ಇಲ್ಲ ಅಂತ ಕೂಗಾಡ್ತಿದ್ರು. ನಾನೂ ಕೂಗ್ತಿದ್ದೆ. ಆಮೇಲೆ ನೀನು ಹೇಳ್ದೆ. ನೀನು ಯಾವತ್ತು ತಪ್ಪು ಲೆಕ್ಕ ಹೇಳಿದೀಯ? ಪರೀಕ್ಷೆ ಸರಿ ಇದೆ ಅಂದ್ರೆ ಸರಿ ಇಲ್ಲದ್ದು ನಾನು."

"ಈಗ ಹೇಳ್ತಿರೋಳೂ ನಾನೇ ಅಲ್ವೇನೇ?"

"ಈಗ ಹೇಳ್ತಿರೋದು ನನ್ನಕ್ಕ. ತಂಗಿ ಅಳಬಾರದು ಅಂತ ಏನು ಬೇಕಾದ್ರೂ ಹೇಳ್ತಾಳೆ. ಪೇಪರ್‌ನಲ್ಲಿ ಹೇಳಿದ್ದು ಡಾಕ್ಟರ್ ಬುಲಕ್."

ಅವಳು ಕಾಳನ್ನು ಕೈಯಿಂದ ಬಳಿದು ಪಾತ್ರೆಗೆ ಹಾಕಿ, ನೀರು ಬಿಟ್ಟು, ಒಲೆಯ ಮೇಲಿಟ್ಟಳು.

ಏಪ್ರಿಲ್‌ವರೆಗೆ ಓಡೆಸ್ಸಾ ಪ್ರತಿ ಶನಿವಾರವೂ ಆ ಮಾತೆತ್ತಿದಳು. ಹೇಗೆ ಹೇಳಿದರೂ ಅದು ಓಲೈಸುವ ಮಾತಿನಂತೆಯೇ ಕೇಳುತ್ತಿತ್ತು. ಪರೀಕ್ಷೆಯ ದಿನ ಅವಳು ರಜೆ ಹಾಕಿ ಬಂದಳು. ಲೂಥರ್ ಕೆಲಸ ಬಿಟ್ಟು ಬಂದು ವರ್ಲೀನ್‌ಳನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡ, ಅವಳೂ ಬೇಡವೆನ್ನಲಿಲ್ಲ. ಮೂವರೂ ಒತ್ತೊತ್ತಾಗಿ ಕೂತು ಶಾಲೆಯ ಗೇಟಿನವರೆಗೆ ಹೋದರು. ವರ್ಲೀನ್ ಇಳಿದು ಸ್ಕರ್ಟು ಕೊಡವಿಕೊಂಡಳು, ಕೈಬೀಸಿ ಒಳಗೆ ಹೋದಳು. ಅಪ್ಪ, ಮಗಳು ಬಾಗಿಲು ಮುಚ್ಚುವವರೆಗೆ ನೋಡಿ ಸಮಾಧಾನದಿಂದ ಮನೆಗೆ ಬಂದರು. ಓಡೆಸ್ಸಾ ಸಂಜೆಗೆಂದು ಸಿಹಿಗೆಣಸಿನ ಪೈ ಮಾಡಿದಳು.

ವರ್ಲೀನ್ ಬಂದದ್ದು ಕತ್ತಲಾಗುವ ಹೊತ್ತಿಗೆ. ಕೈಯಲ್ಲಿ ಮಡಿಸಿದ ನೀಲಿ ಅಂಗಿಯಿತ್ತು.

"ಹೇಗಿತ್ತು?" ಎಂದ ಲೂಥರ್.

"ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಸಿಕ್ತು ಅಪ್ಪ. ಲಾಂಡ್ರಿಯಲ್ಲಿ. ಶಾಲೆ ಮುಗಿದ ಸೋಮವಾರದಿಂದ ಬಾ ಅಂದಿದಾರೆ."

"ಪರೀಕ್ಷೆ?"

"ಹಿಂದಿನ ಬಾಗಿಲಿಂದ ಆಚೆ ಹೋದೆ." ಅವಳು ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿದಳು. "ಇವತ್ತು ಎಂಥ ಸುವಾಸನೆ ಅಕ್ಕ. ಪೈ ಮಾಡಿದ್ಯಾ?"

ಅವಳು ಎರಡು ತುಂಡು ತಿಂದಳು. ಮಿಕ್ಕ ಇಬ್ಬರೂ ತಿನ್ನಲಿಲ್ಲ.

ಜೂನಿನಲ್ಲಿ ಹೈಸ್ಕೂಲಿನ ಪದವಿ ಸಮಾರಂಭ ನಡೆಯಿತು. ಡೀಕನ್ ಆದ ತಪ್ಪಿಗೆ ಲೂಥರ್ ಸೂಟು ಹಾಕಿಕೊಂಡು ಚರ್ಚಿನ ಬೇರೆ ಮಕ್ಕಳಿಗೆ ಚಪ್ಪಾಳೆ ತಟ್ಟಲು ಹೋಗಲೇಬೇಕಾಯಿತು. ಆ ಸೂಟಿಗೆ ಇಸ್ತ್ರಿ ಮಾಡಿಕೊಟ್ಟವಳು ವರ್ಲೀನ್. ಟೈ ಕಟ್ಟಿ, ಕಾಲರು ಸರಿಮಾಡಿ, "ಚೆನ್ನಾಗಿ ಕಾಣ್ತೀಯ ಅಪ್ಪ. ಜೋರಾಗಿ ತಟ್ಟು, ಪಾಪ ಕಷ್ಟಪಟ್ಟಿದಾರೆ," ಎಂದು ಕಳಿಸಿದಳು. ಬಿಸಿಲಿನಲ್ಲಿ ಅವನು ಗೇಟು ದಾಟಿ ಹೋಗುವುದನ್ನು ಓಡೆಸ್ಸಾ ಕಿಟಕಿಯಿಂದ ನೋಡಿದಳು. ಒಳಗೆ ವರ್ಲೀನ್ ಇಸ್ತ್ರಿಪೆಟ್ಟಿಗೆಯ ವಯರು ಸುತ್ತಿಡುತ್ತಿದ್ದಳು. ಅಲ್ಲಿಗೆ ಹೋಗಿ ಅವಳ ಪಕ್ಕ ನಿಲ್ಲಲು ಓಡೆಸ್ಸಾಗೆ ಧೈರ್ಯ ಸಾಲಲಿಲ್ಲ.

ಆ ಬೇಸಿಗೆಯಲ್ಲೇ ಓಡೆಸ್ಸಾ ರಾಜಧಾನಿಯ ಕೆಲಸ ಬಿಟ್ಟಳು. ಪ್ರೂಯಿಟ್ ನಿಜವಾಗಿಯೂ ನೊಂದುಕೊಂಡ. "ನಾವು ಸುಳ್ಳು ಹೇಳಿಲ್ಲವಲ್ಲ ಓಡೆಸ್ಸಾ," ಎಂದ. "ಇಲ್ಲ, ಹೇಳಿಲ್ಲ," ಎಂದಳು ಅವಳು. ತಾನು ಓದಿದ ಕರಿಯರ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದಳು. ಫೇಲಾದ ಮಕ್ಕಳ ಪರವಾಗಿ ವಕೀಲರು ಹೂಡಿದ ದಾವೆಯಲ್ಲಿ ಸಾಕ್ಷಿ ಹೇಳಲು ತಾನಾಗಿಯೇ ಹೋದಳು. ನ್ಯಾಯಾಲಯದಲ್ಲಿ ಬೆಳಗಿನಿಂದ ಊಟದವರೆಗೆ ತಾಳ್ಮೆಯಿಂದ ಎಲ್ಲ ಬಿಡಿಸಿ ಹೇಳಿದಳು. ಚೀಟಿ ಎತ್ತುವ ಲೆಕ್ಕ, ಹತ್ತರಲ್ಲಿ ನಾಲ್ಕೈದು, ಗೆರೆಯ ಪಕ್ಕ ನಿಂತವರ ಕಥೆ. ನ್ಯಾಯಾಧೀಶರು ಎರಡು ಸಲ ಕನ್ನಡಕ ಒರೆಸಿಕೊಂಡರು. ಆಮೇಲೆ ಸರ್ಕಾರದ ವಕೀಲ ಎದ್ದ.

"ಡಾಕ್ಟರ್ ಬುಲಕ್, ನೂರಕ್ಕೆ ತೊಂಬತ್ತೊಂದು ಅನ್ನೋದು ನಿಮ್ಮದೇ ಲೆಕ್ಕ ತಾನೇ?"

"ಹೌದು."

"ಅದು ತಪ್ಪಾ?"

"ತಪ್ಪಲ್ಲ. ಆದರೆ ಅದೊಂದನ್ನೇ..."

"ತಪ್ಪಲ್ಲ. ಅಷ್ಟು ಸಾಕು ಮೇಡಂ, ವಂದನೆಗಳು."

ತೀರ್ಪು ಬರಲು ವರ್ಷಗಳು ಹಿಡಿದವು. ಮಕ್ಕಳೇ ಗೆದ್ದರು. ಆದರೆ ಓಡೆಸ್ಸಾಳ ಲೆಕ್ಕದಿಂದಲ್ಲ. ಕರಿಯರಿಗೂ ಬಿಳಿಯರಿಗೂ ಬೇರೆಬೇರೆ ಶಾಲೆಗಳಿದ್ದ ಕಾಲದಲ್ಲಿ ಓದು ಶುರು ಮಾಡಿದ ಮಕ್ಕಳನ್ನು ಹೀಗೆ ತಡೆಯುವುದು ನ್ಯಾಯವಲ್ಲ ಎಂದರು ನ್ಯಾಯಾಧೀಶರು. ಪರೀಕ್ಷೆ ನಂಬಿಕೆಗೆ ಅರ್ಹವೇ ಎಂಬ ವಿಷಯಕ್ಕೆ ತೀರ್ಪಿನಲ್ಲಿ ಒಂದೇ ಸಾಲು ಸಿಕ್ಕಿತು: ಪರೀಕ್ಷೆ ಸಾಕಷ್ಟು ವಿಶ್ವಾಸಾರ್ಹ, ನೂರಕ್ಕೆ ತೊಂಬತ್ತೊಂದು. ಆ ವರ್ಷಗಳಲ್ಲಿ ಫೇಲಾದವರಿಗೆಲ್ಲ ಡಿಪ್ಲೊಮಾ ಕೊಡಬೇಕೆಂದು ಆಜ್ಞೆಯಾಯಿತು.

ವರ್ಲೀನ್‌ಳದು ಅಂಚೆಯಲ್ಲಿ ಬಂತು. ಅಷ್ಟರಲ್ಲಿ ಅವಳು ಆಸ್ಪತ್ರೆಯ ಟ್ರಕ್ಕು ಓಡಿಸುವ ಒಬ್ಬ ಸಾಧುವಾದ ಮನುಷ್ಯನನ್ನು ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದ್ದಳು. ಓಡೆಸ್ಸಾ ಕೇಳಿದ ಕೂಡಲೇ ಓಡಿಬಂದಳು.

"ಈಗ ನರ್ಸ್ ಕೋರ್ಸಿಗೆ ಸೇರಬಹುದು ಕಣೇ. ನಾನು ವಿಚಾರಿಸಿದೀನಿ. ಸೆಪ್ಟೆಂಬರ್‌ನಲ್ಲಿ ಶುರು."

"ಇದು ಕೋರ್ಟು ಕೊಟ್ಟಿದ್ದು ಅಕ್ಕ. ನಾನು ಪಾಸಾಗಿ ತಗೊಂಡಿದ್ದಲ್ಲ," ಎಂದು ವರ್ಲೀನ್ ಅದನ್ನು ಬೀರುವಿನಲ್ಲಿ, ಹಾಸಿಗೆ ಹೊದಿಕೆಗಳ ಕೆಳಗಿಟ್ಟಳು.

ಓಡೆಸ್ಸಾ ಚೀಲದಿಂದ ಹಳೆಯ ಪ್ರಶ್ನೆಪತ್ರಿಕೆ ತೆಗೆದಳು. ಈಗ ಅದು ಗುಟ್ಟಿನದಲ್ಲ, ಯಾರು ಬೇಕಾದರೂ ನೋಡಬಹುದಿತ್ತು. "ಇಲ್ಲೇ ಕೂತು ಬರಿ. ಯಾರೂ ನೋಡಲ್ಲ. ನಿನಗೇ ಗೊತ್ತಾಗ್ಲಿ ಅಂತ."

ವರ್ಲೀನ್ ಅಕ್ಕನ ಮುಖವನ್ನೇ ನೋಡಿದಳು. ಓಡೆಸ್ಸಾಳ ಕಣ್ಣಡಿಯಲ್ಲಿ ಕಪ್ಪು ಇಳಿದಿತ್ತು. ತಲೆಯಲ್ಲಿ ಅಲ್ಲಲ್ಲಿ ನರೆ.

"ನಾನು ಪಾಸಾದ್ರೆ ನಿನಗೆ ಸಮಾಧಾನ ಆಗುತ್ತೆ. ಫೇಲಾದ್ರೆ?"

ಓಡೆಸ್ಸಾ ಪತ್ರಿಕೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ವರ್ಲೀನ್ ಅವಳಿಗೆ ಮೀನು ಕರಿದು ಬಡಿಸಿದಳು, ಲಾಂಡ್ರಿಯ ಮೇಲ್ವಿಚಾರಕಿ ಹೇಗೆ ಸೀನುತ್ತಾಳೆಂದು ಅಭಿನಯಿಸಿ ತೋರಿಸಿದಳು. ಅವರು ಜಗಳವಾಡಿದವರಲ್ಲ. ಭಾನುವಾರ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ವರ್ಲೀನ್‌ಳ ಮಕ್ಕಳ ಜಡೆಯನ್ನು ಓಡೆಸ್ಸಾನೇ ಹಾಕುತ್ತಿದ್ದಳು. ಆದರೆ ಓಡೆಸ್ಸಾ ಏನನ್ನಾದರೂ ಖಚಿತವಾಗಿ ಹೇಳಿದರೆ, ನಾಳೆ ಮಳೆ ಬರುತ್ತದೆ ಎಂದರೂ ಸರಿ, ವರ್ಲೀನ್ ಹೌದೆಂದು ತಲೆಯಾಡಿಸಿಬಿಡುತ್ತಿದ್ದಳು. ಮೊದಲಿನ ಹಾಗೆ ತಮಾಷೆ ಮಾಡುತ್ತಿರಲಿಲ್ಲ.

ಲೂಥರ್‌ಗೆ ಪಾರ್ಶ್ವವಾಯು ಹೊಡೆದ ಚಳಿಗಾಲದಲ್ಲಿ ಓಡೆಸ್ಸಾಗೆ ಐವತ್ತು ಸಮೀಪಿಸಿತ್ತು. ಅಪ್ಪನನ್ನು ಹಳೆಯ ಮನೆಯ ಮುಂದಿನ ಕೋಣೆಯಲ್ಲೇ ಮಲಗಿಸಿದರು. ಆರೈಕೆ ಎಲ್ಲ ವರ್ಲೀನ್‌ಳದು. ಲಾಂಡ್ರಿಯ ಪಾಳಿ ಮುಗಿಸಿ ಬಂದು ಅವನನ್ನು ಮಗ್ಗುಲು ತಿರುಗಿಸುವಳು, ಬೆನ್ನು ಒರೆಸುವಳು, ಒಂದೊಂದೇ ಚಮಚ ಗಂಜಿ ಗಂಟಲಿಗಿಳಿಯುವವರೆಗೆ ಕಾಯುವಳು. ತಿಂಗಳುಗಟ್ಟಲೆ ಮಲಗಿದ್ದರೂ ಅವನ ಮೈಯಲ್ಲಿ ಒಂದು ಹುಣ್ಣಾಗಲಿಲ್ಲ. ಓಡೆಸ್ಸಾ ಅಡುಗೆ ಮಾಡಿ, ಪಾತ್ರೆ ತೊಳೆದು, ಹೇಳಿದ್ದನ್ನು ತಂದುಕೊಡುತ್ತಿದ್ದಳು.

ವಾರಕ್ಕೊಮ್ಮೆ ಸರ್ಕಾರದ ನರ್ಸ್ ಬರುತ್ತಿದ್ದಳು, ವಯಸ್ಸಾದ ಬಿಳಿಯ ಹೆಂಗಸು. ಒಂದು ದಿನ ಅವಳು ಲೂಥರ್‌ನ ಹಿಮ್ಮಡಿ, ಸೊಂಟ, ಭುಜ ಎಲ್ಲ ಮುಟ್ಟಿ ನೋಡಿ ಬೆರಗಾದಳು. ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದ ಓಡೆಸ್ಸಾಗೆ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ನಾನು ಎಷ್ಟೋ ಮನೆ ನೋಡಿದೀನಿ ಕಣಮ್ಮ, ಇಂಥ ಆರೈಕೆ ನೋಡಿಲ್ಲ. ನೀನು ಯಾವ ವಾರ್ಡಿನಲ್ಲಿ ನರ್ಸ್ ಆಗಿರೋದು?"

"ನರ್ಸ್ ಅಲ್ಲ ಮೇಡಂ. ಲಾಂಡ್ರಿಯಲ್ಲಿದೀನಿ."

"ಇದೇನಮ್ಮ ಅನ್ಯಾಯ. ಈಗಲೂ ಕೋರ್ಸ್ ಮಾಡಬಹುದು. ನಿನ್ನ ವಯಸ್ಸಿನವರು ಎಷ್ಟೋ ಜನ ಬರ್ತಾರೆ. ನಾನೇ ಒಂದು ಮಾತು ಹೇಳ್ತೀನಿ."

"ಬೇಡ ಮೇಡಂ. ಅದಕ್ಕೊಂದು ಪರೀಕ್ಷೆ ಇಟ್ಟಿದ್ರು. ನಾನು ಫೇಲಾದೆ." ವರ್ಲೀನ್ ಸಹಜವಾಗಿ, ತನ್ನ ಎತ್ತರ ಹೇಳಿದಷ್ಟೇ ಸಲೀಸಾಗಿ ಹೇಳಿದಳು. "ಸ್ವಲ್ಪ ಆ ಕಡೆಯಿಂದ ಹಿಡ್ಕೋತೀರಾ? ಅಪ್ಪನ್ನ ಎಡಕ್ಕೆ ತಿರುಗಿಸೋ ಹೊತ್ತಾಯ್ತು."

ಓಡೆಸ್ಸಾ ನಲ್ಲಿ ನಿಲ್ಲಿಸಿದಳು. ಕೋಣೆಗೆ ಹೋಗಿ, ಇಲ್ಲ, ಅವಳು ಫೇಲಾಗಿಲ್ಲ, ಅದನ್ನು ಯಾರೂ ಖಚಿತವಾಗಿ ಹೇಳಲಾರರು, ನಾನು ಬಲ್ಲೆ ಎಂದು ಆ ಪರಸ್ಥಳದ ಹೆಂಗಸಿನ ಮುಂದೆ ಹೇಳಬೇಕೆನಿಸಿತು. ಎರಡು ಹೆಜ್ಜೆ ಇಟ್ಟಳು. ಆಗ ಒಳಗಿನಿಂದ ತಂಗಿ ಕೂಗಿದಳು.

"ಅಕ್ಕ, ಬೆಚ್ಚಗಿನ ನೀರು ತರ್ತೀಯಾ?"

"ತರ್ತೀನಿ," ಎಂದು ಓಡೆಸ್ಸಾ ಬೋಗುಣಿಗೆ ನೀರು ತುಂಬಿದಳು. ಮುಂಗೈ ಅದ್ದಿ ಬಿಸಿ ನೋಡಿದಳು. ಸರಿಯಿದೆಯೋ ಇಲ್ಲವೋ ತಿಳಿಯದೆ ಮತ್ತೆ ಅದ್ದಿದಳು. ಆಮೇಲೆ ಎತ್ತಿಕೊಂಡು ಹೋದಳು.